ನಾಲ್ಕನೆಯದು ಒಪ್ಪುವುದಿಲ್ಲ

ರಿಜೆಯ ಗುಡ್ಡದ ಮೇಲಿನ ಚಹಾ ಕಾರ್ಖಾನೆ, ರಾತ್ರಿ ಎರಡೂಕಾಲು.
ಏಳು ಮೋಟಾರು, ಏಳು ಡ್ರೈವ್, ಒಂದೇ ಕೇಬಲ್ಲಿಗೆ ಪೋಣಿಸಿದ್ದು.
ನಾಲ್ಕನೆಯದು ನಿಂತಿತು; ಅದರ ಹಿಂದೆಯೇ
ಉಳಿದ ಆರೂ ಉಸಿರು ಬಿಟ್ಟು ನಿಂತವು,
ಸಾವಿನ ಸುದ್ದಿ ಕೇಳಿದ ಕೇರಿಯ ಹಾಗೆ.

ಎಲೆಗೆ ಇದೆಲ್ಲ ಗೊತ್ತಿಲ್ಲ.
ಸಂಜೆ ಕೊಯ್ದದ್ದು, ತೊಟ್ಟಿಯಲ್ಲಿ ಹನ್ನೊಂದು ಟನ್ನು,
ತನ್ನ ಬಿಸಿಯಲ್ಲಿ ತಾನೇ ಬೇಯತೊಡಗಿದೆ.
ಕೈ ತೂರಿಸಿದರೆ
ಜ್ವರದ ಮಗುವಿನ ಕಂಕುಳು.

ಪರದೆಯ ಮೇಲೆ ಕೆಂಪಕ್ಷರ: ಸುರಕ್ಷತಾ ದೋಷ.
ಯಾವ ದೋಷ, ಯಾರ ದೋಷ, ಅದು ಹೇಳುವುದಿಲ್ಲ.
ರೀಸೆಟ್ ಒತ್ತಿದೆ. ಹೋಯಿತು. ಬಂತು.
ಮತ್ತೆ ಒತ್ತಿದೆ. ಮತ್ತೆ ಬಂತು,
ಬಾಗಿಲು ಹಾಕಿದರೂ ಹೊಸ್ತಿಲು ಬಿಡದ ನೆಂಟ.

ಡ್ರೈವೇ ಕೆಟ್ಟಿರಬೇಕು ಅಂದುಕೊಂಡೆ. ಅದು ನನ್ನ ತಪ್ಪು.
ಉಗ್ರಾಣದಿಂದ ಇನ್ನೊಂದನ್ನು ತಂದು
ತಂತಿಗೆ ತಂತಿ, ತಿರುಪಿಗೆ ತಿರುಪು, ಮುಕ್ಕಾಲು ಗಂಟೆ.
ಅದು ನನ್ನ ಮುಖ ಕೂಡ ನೋಡಲಿಲ್ಲ.
ಹಿಂದೆ ಟ್ರಾಬ್ಜಾನಿನ ಹಿಟ್ಟಿನ ಗಿರಣಿಯಲ್ಲಿ ದುಡಿದದ್ದಂತೆ,
ಹಳೆಯ ಯಜಮಾನನ ಸಂಖ್ಯೆ ಎದೆಯಲ್ಲಿ ಹಾಗೇ ಇದೆ;
ಆ ಹೆಸರಲ್ಲಿ ಕರೆದರಷ್ಟೇ ತಿರುಗುವೆ ಎಂಬ ಹಟ.
ಅಳಿಸಿದೆ. ನಮ್ಮದನ್ನು ಬರೆದೆ. ಒಪ್ಪಿತು.
ಒಪ್ಪಿದ ಮೇಲೆ
ಅದೇ ಕೆಂಪಕ್ಷರ, ಅದೇ ಜಾಗದಲ್ಲಿ.

ಮ್ಯಾನೇಜರ್ ಜೆವ್‌ದೆತ್ ಬಂದ, ಪೈಜಾಮದ ಮೇಲೆ ಕೋಟು.
"ನುರ್ಶೆನ್, ಆ ಎರಡು ತಿರುಪಿನ ನಡುವೆ
ಗೇಣುದ್ದ ತಂತಿ ಹಾಕು, ಬೆಳಗಾದ ಮೇಲೆ ತೆಗಿ.
ಯಾರಿಗೆ ಗೊತ್ತಾಗುತ್ತೆ?"
ಗೇಣುದ್ದ ತಂತಿ ನನ್ನ ಜೇಬಿನಲ್ಲೇ ಇತ್ತು.
ಅದರ ತುದಿಯನ್ನು ಹೆಬ್ಬೆರಳಲ್ಲಿ ಸವರಿದೆ, ಸುಳ್ಳೇಕೆ ಹೇಳಲಿ.
ಕಡ್ಡಿ ಮುರಿದಂತೆ ಹೇಳಿದೆ: ಆಗುವುದಿಲ್ಲ.
ಕಡ್ಡಿ ಮುರಿದಷ್ಟು ಸುಲಭವಿರಲಿಲ್ಲ.

ಎರಡು ತಂತಿ ಇಟ್ಟಿರುವುದು ಒಂದನ್ನು ನಂಬದೆ.
ಎಲ್ಲ ಸರಿಯಿದೆ ಎಂದು ಎರಡೂ ಹೇಳಬೇಕು,
ಕಣ್ಣು ಮಿಟುಕಿಸುವುದರೊಳಗೆ, ಒಂದೇ ಮಾತು.
ಒಂದು ಹೌದೆಂದು, ಇನ್ನೊಂದು ತಡವರಿಸಿದರೆ
ಡ್ರೈವ್ ಪಂಚಾಯಿತಿ ಕೂರಿಸುವುದಿಲ್ಲ,
ಮೋಟಾರಿನ ಕಸುವನ್ನೇ ಕಿತ್ತುಕೊಳ್ಳುತ್ತದೆ.
ಅರ್ಧ ಸಾಕ್ಷಿಗೇ ಮನೆ ಕಟ್ಟುವವರು ನಾವು.

ತಂತಿ ಹಿಡಿದು ನಡೆದೆ,
ಪೆಟ್ಟಿಗೆಯಿಂದ ಪೆಟ್ಟಿಗೆಗೆ, ಟಾರ್ಚು ಹಲ್ಲಲ್ಲಿ ಕಚ್ಚಿ,
ಮೀಟರಿನ ಎರಡು ಮುಳ್ಳು ಚುಚ್ಚುತ್ತ:
ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು.
ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು.
ಉರುಳೆಗಳ ಪಕ್ಕ, ಎಳೆದರೆ ಎಲ್ಲ ನಿಲ್ಲುವ
ಕೆಂಪು ಹಗ್ಗದ ಕೊನೆಯ ಪೆಟ್ಟಿಗೆಯಲ್ಲಿ
ಇಪ್ಪತ್ತನಾಲ್ಕು.
ಸೊನ್ನೆ.

ಹಗ್ಗಕ್ಕೊಂದು ಜಾಕೆಟ್ಟು ನೇತಾಡುತ್ತಿತ್ತು.
ಮುದುಕ ಯಾಶಾರನದು. ಜೇಬು ತುಂಬ ಹ್ಯಾಜೆಲ್ ಕಾಯಿ,
ಕನ್ನಡಕದ ಡಬ್ಬಿ, ಚಿಲ್ಲರೆ.
ಒಂದು ಸಂಪರ್ಕ ಬಿಡಿಸುವಷ್ಟು ಭಾರ,
ಎರಡನ್ನೂ ಬಿಡಿಸುವಷ್ಟಲ್ಲ.

ನಗು ಬಂತು. ಆಮೇಲೆ ಸಿಟ್ಟು.
"ಗೋಡೆಗೆ ಗೂಟವಿಲ್ಲವೇನಜ್ಜಾ?"
ಅವನು ಮಾತಾಡದೆ ಬೆರಳು ತೋರಿದ. ಇದೆ, ಒಂದೇ.
ಅದರಲ್ಲಿ ಹಸಿರು ಗೆರೆಯ ಏಪ್ರನ್ನು,
ಮೂರು ವರ್ಷದಿಂದ ಯಾರೂ ಮುಟ್ಟದ್ದು.
ಜೆಕಿಯೆಯದು.
ಎರಡನೇ ಉರುಳೆ ಅವಳ ಬಲಗೈಯನ್ನು
ಮೊಣಕೈತನಕ ಒಯ್ದ ಆ ದಿನ
ಇಲ್ಲಿ ಕೆಂಪು ಹಗ್ಗ ಇರಲಿಲ್ಲ.

ಜಾಕೆಟ್ಟು ತೆಗೆದೆ. ಸೊನ್ನೆ ಎದ್ದು ಇಪ್ಪತ್ತನಾಲ್ಕಾಯಿತು.
ನಾಲ್ಕನೆಯದು ಒಪ್ಪಿತು, ಐದು, ಆರು, ಸಾಲಾಗಿ ಎಲ್ಲ.
ಕಂದಿದ ಎಲೆ ಒಂದು ಟನ್ನು, ಹೊರಗೆ ಸುರಿದೆವು.
ಏಪ್ರನ್ನಿನಿಂದ ಮೊಳ ದೂರಕ್ಕೆ
ದೊಡ್ಡದೊಂದು ಮೊಳೆ ಹೊಡೆದುಕೊಟ್ಟೆ ಯಾಶಾರನಿಗೆ.
ದಾಖಲೆ ಪುಸ್ತಕದಲ್ಲಿ "ಕಾರಣ: ಜಾಕೆಟ್ಟು" ಎಂದು ಬರೆದು
ಇನ್ನೇನೋ ಬರೆಯಬೇಕೆಂದು ಪೆನ್ನು ಹಿಡಿದೇ ನಿಂತೆ.

ಜೇಬಿನಲ್ಲಿ ಆ ಗೇಣುದ್ದ ತಂತಿ ಈಗಲೂ ಇದೆ.
ಅದನ್ನು ಬರೆಯಲಿಲ್ಲ.